ಕೆಲಸಕ್ಕೂ ಕೆಲಸಕ್ಕೂ ನಡುವಿನ ವಿಮೆ: ಡಲ್ಲಾಸಿನಿಂದ ಒಂದು ಚರಿತ್ರೆ

ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯ ಆಡಳಿತವನ್ನು 1929ರಲ್ಲಿ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರು ವಹಿಸಿಕೊಂಡರು. ಅವರು ವೈದ್ಯರಲ್ಲ. ಹಿಂದೆ ಇದೇ ಊರಿನ ಸರ್ಕಾರಿ ಶಾಲೆಗಳಿಗೆ ಸೂಪರಿಂಟೆಂಡೆಂಟ್ ಆಗಿದ್ದವರು. ಆಸ್ಪತ್ರೆಯ ಲೆಕ್ಕದ ಪುಸ್ತಕ ತೆರೆದು ವಸೂಲಾಗದ ಬಿಲ್ಲುಗಳ ಮೇಲೆ ಕಣ್ಣಾಡಿಸಿದಾಗ ತಮಗೆ ಪರಿಚಯವಿದ್ದ ಶಾಲಾ ಶಿಕ್ಷಕರ ಹೆಸರುಗಳೇ ಒಂದರ ಕೆಳಗೊಂದು ಕಂಡವು. ಅವರ ಸಂಬಳ ಎಷ್ಟೆಂದು ಕಿಂಬಲ್‌ಗೆ ಗೊತ್ತಿತ್ತು. ಆ ಸಂಬಳದಲ್ಲಿ ಒಂದು ಆಪರೇಷನ್ನಿನ ಖರ್ಚು ತೀರಿಸಲು ಎಷ್ಟು ವರ್ಷ ಬೇಕೆಂಬುದೂ ಗೊತ್ತಿತ್ತು. ಅತ್ತ ಆಸ್ಪತ್ರೆಯ ಮಂಚಗಳು ಖಾಲಿ, ಇತ್ತ ಕಾಯಿಲೆ ಬಿದ್ದವರು ಬಿಲ್ಲಿಗೆ ಹೆದರಿ ಮನೆಯಲ್ಲೇ ಮಲಗಿದ್ದಾರೆ. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು.

ಕಿಂಬಲ್ ಕಂಡುಕೊಂಡ ದಾರಿ ಸರಳವಾಗಿತ್ತು. ಒಬ್ಬೊಬ್ಬ ಶಿಕ್ಷಕರು ತಿಂಗಳಿಗೆ 50 ಸೆಂಟ್ ಕೊಡಬೇಕು, ವರ್ಷಕ್ಕೆ ಆರು ಡಾಲರ್. ಕಾಯಿಲೆಯಾದರೆ ಬೇಲರ್ ಆಸ್ಪತ್ರೆಯಲ್ಲಿ 21 ದಿನದವರೆಗೆ ಆರೈಕೆ. ಸಾವಿರಕ್ಕೂ ಹೆಚ್ಚು ಶಿಕ್ಷಕರು ಸೇರಿದರು. ಡಿಸೆಂಬರಿನಲ್ಲಿ ಯೋಜನೆ ಜಾರಿಗೆ ಬಂತು. ಕ್ರಿಸ್‌ಮಸ್ ಹೊತ್ತಿಗೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕಣಕಾಲು ಮುರಿದುಕೊಂಡ ಶಿಕ್ಷಕಿಯೊಬ್ಬರು ಅದರ ಮೊದಲ ಫಲಾನುಭವಿಯಾದರು. ಮುಂದೆ ಬೇರೆ ಊರುಗಳ ಆಸ್ಪತ್ರೆಗಳೂ ಇದೇ ದಾರಿ ಹಿಡಿದವು. ಇಂದು ಅಮೆರಿಕದ ಮನೆಮನೆಗೂ ಗೊತ್ತಿರುವ ಬ್ಲೂ ಕ್ರಾಸ್ ವಿಮೆಯ ಬೇರು ಈ ಐವತ್ತು ಸೆಂಟಿನಲ್ಲಿದೆ.

ಈ ಯೋಜನೆಯಲ್ಲಿ ಒಂದು ಅಂಶ ನನಗೆ ಉಳಿದೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಶಿಕ್ಷಕರು ಗುಂಪಾಗಿ ಸೇರಿದರು. ನಿನಗೆ ಸಕ್ಕರೆ ಕಾಯಿಲೆ ಇದೆಯೇ, ನಿನ್ನ ತಾಯಿಗೆ ಎದೆನೋವಿತ್ತೇ ಎಂದು ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸುವ ಅಗತ್ಯ ಬೀಳಲಿಲ್ಲ. ಗಟ್ಟಿಮುಟ್ಟಾದವರ ದುಡ್ಡು ಕಾಯಿಲೆ ಬಿದ್ದವರ ಕೈಹಿಡಿಯಿತು. ವಿಮೆ ನಿಲ್ಲುವುದೇ ಈ ಹೊಂದಾಣಿಕೆಯ ಮೇಲೆ. ತಾತ್ಕಾಲಿಕ ಆರೋಗ್ಯ ವಿಮೆ ತೆಗೆದುಕೊಳ್ಳಬೇಕೇ ಬೇಡವೇ ಎಂಬ ಇಂದಿನ ಪ್ರಶ್ನೆಗೆ ಉತ್ತರ ಹುಡುಕುವವರೂ ಮೊದಲು ನೋಡಬೇಕಾದ್ದು ಇದನ್ನೇ.

ನಾನು ಇದೇ ಡಲ್ಲಾಸಿನ ಉತ್ತರ ಭಾಗದ ಆಸ್ಪತ್ರೆಯೊಂದರಲ್ಲಿ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅರ್ವಿಂಗ್, ಪ್ಲೇನೋ, ಫ್ರಿಸ್ಕೋ ಕಡೆ ನಮ್ಮವರ ಸಂಸಾರಗಳು ಹೆಚ್ಚಾದ ಹಾಗೆ ನನಗೆ ಬರುವ ಫೋನುಗಳೂ ಹೆಚ್ಚಾದವು. ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಕ್ಕಾ, ಕೆಲ್ಸ ಹೋಯ್ತು. ಎರಡು ತಿಂಗಳಿಗೆ ಒಂದು ಟೆಂಪರರಿ ಇನ್ಶೂರೆನ್ಸ್ ಮಾಡಿಸ್ಕೊಂಡ್ರೆ ಸಾಕಲ್ವಾ?" ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಫೋನ್ ಇಡಲು ಆಗುವುದಿಲ್ಲ. ಈ ವಿಮೆ ಏಕೆ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಯಾರನ್ನು ಹೊರಗಿಟ್ಟಿತು ಎಂಬುದು ತಿಳಿದರೆ ಕೇಳಿದವರೇ ಉತ್ತರ ಕಂಡುಕೊಳ್ಳುತ್ತಾರೆ.

ಕಿಂಬಲ್ ಕತೆ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಹಾಲಿನ ಡೇರಿ. 2003ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಆಲೋಚನೆ, ರಾಜ್ಯ ಸರ್ಕಾರದ ಬೆಂಬಲ, ಸಹಕಾರ ಸಂಘಗಳ ಜಾಲ. ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ರೈತನಿಗೆ ಶಸ್ತ್ರಚಿಕಿತ್ಸೆ. ನಮ್ಮಪ್ಪ ಡೇರಿಗೆ ಹಾಲು ಹಾಕುತ್ತಿದ್ದರು. ಕಾರ್ಯದರ್ಶಿ ಬಟವಾಡೆಯ ದಿನ ಯಶಸ್ವಿನಿಯ ದುಡ್ಡು ಹಿಡಿದುಕೊಂಡೇ ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. ಕಾಯಿಲೆ ಮೊದಲೇ ಇತ್ತು ಎಂದು ಅಲ್ಲಿ ಯಾರನ್ನೂ ವಾಪಸು ಕಳಿಸುತ್ತಿರಲಿಲ್ಲ. ಡಲ್ಲಾಸಿನ ಶಿಕ್ಷಕರನ್ನು ಕಾಪಾಡಿದ್ದೂ ಮಂಡ್ಯದ ರೈತರನ್ನು ಕಾಪಾಡಿದ್ದೂ ಗುಂಪಿನ ಬಲವೇ. ಆದರೆ ಯಶಸ್ವಿನಿ ವರ್ಷದಿಂದ ವರ್ಷಕ್ಕೆ ನವೀಕರಿಸಬೇಕಾದ ರಕ್ಷಣೆಯಾಗಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿದರು. ಮತ್ತೆ ಯಶಸ್ವಿನಿಯಾಗಿ ಅದು ಜಾರಿಗೆ ಬಂದದ್ದು 2022-23ರಲ್ಲಿ. ರಕ್ಷಣೆಯ ಅವಧಿ ಮುಗಿದ ಮರುದಿನ ಏನು ಎಂಬ ಪ್ರಶ್ನೆ ಎಲ್ಲ ದೇಶಕ್ಕೂ ಇದೆ.

ಅಮೆರಿಕದಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾದದ್ದು ಎರಡನೆಯ ಮಹಾಯುದ್ಧದಿಂದ. 1942ರಲ್ಲಿ ಬೆಲೆಯೇರಿಕೆ ತಡೆಯಲು ಸರ್ಕಾರ ಸಂಬಳಗಳಿಗೆ ಮಿತಿ ಹಾಕಿತು. ಗಂಡಸರು ಯುದ್ಧಕ್ಕೆ ಹೋಗಿದ್ದರು, ಕಾರ್ಖಾನೆಗಳಿಗೆ ಕೆಲಸಗಾರರು ಬೇಕಿತ್ತು. ಹೆಚ್ಚು ಸಂಬಳ ಕೊಡುವಂತಿಲ್ಲ, ಆದರೆ ವಿಮೆಯಂಥ ಸೌಲಭ್ಯಕ್ಕೆ ಆ ಮಿತಿ ಇಲ್ಲ. ಮಾಲೀಕರು ಆರೋಗ್ಯ ವಿಮೆ ಕೊಟ್ಟು ಜನರನ್ನು ಸೆಳೆದರು. ಯುದ್ಧ ಮುಗಿದ ಮೇಲೂ ಈ ಪದ್ಧತಿ ಉಳಿಯಿತು. ಮಾಲೀಕರು ವಿಮೆಗೆ ಕಟ್ಟುವ ಹಣಕ್ಕೆ ನೌಕರರಿಂದ ಆದಾಯ ತೆರಿಗೆ ಇಲ್ಲ ಎಂಬುದನ್ನು 1954ರ ತೆರಿಗೆ ಕಾನೂನು ಖಚಿತಪಡಿಸಿತು. ಅಲ್ಲಿಂದ ಮುಂದೆ ಕೆಲಸ ಇದ್ದರೆ ವಿಮೆ, ಕೆಲಸ ಹೋದರೆ ವಿಮೆಯೂ ಹೋಯಿತು ಎಂಬುದೇ ಈ ದೇಶದ ರೂಢಿಯಾಯಿತು. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. ದುಡಿಯುವ ವಯಸ್ಸಿನವರು ಮಾತ್ರ ಮಾಲೀಕರ ವಿಮೆಯನ್ನೇ ನೆಚ್ಚಿಕೊಳ್ಳಬೇಕಾಯಿತು.

ಈ ರೂಢಿಯಿಂದಲೇ ನಡುವಿನ ಖಾಲಿ ಜಾಗ ಹುಟ್ಟಿತು. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರುವವನು, ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಕಾಯುವವಳು, ಹೊಸ ಕಂಪನಿಯಲ್ಲಿ ವಿಮೆ ಸಿಗಲು ಮೂರು ತಿಂಗಳು ಕಾಯಬೇಕಾದವನು, ಮೆಡಿಕೇರ್‌ಗೆ ಇನ್ನೂ ಕೆಲವೇ ತಿಂಗಳು ಬಾಕಿ ಇರುವ ವೃದ್ಧೆ, ಇವರೆಲ್ಲ ಆ ಖಾಲಿ ಜಾಗದಲ್ಲಿ ನಿಂತವರು. ವಿಮಾ ಕಂಪನಿಗಳು ಇವರಿಗಾಗಿ ಅಲ್ಪಾವಧಿ ಪಾಲಿಸಿ ಮಾರಿದವು. ಅದರ ಬೆಲೆ ಕಡಿಮೆ, ಅರ್ಜಿ ಚಿಕ್ಕದು, ಬಹಳ ಸಲ ಮರುದಿನದಿಂದಲೇ ಜಾರಿ. ಕಡಿಮೆ ಬೆಲೆಗೆ ಕಾರಣವೂ ಸರಳ. ಇಲ್ಲಿ ಗುಂಪಿಲ್ಲ. ಕಂಪನಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿ, ಕಾಯಿಲೆ ಇದ್ದವರನ್ನು ಹೊರಗಿಟ್ಟು, ಗಟ್ಟಿಮುಟ್ಟಾದವರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಕಿಂಬಲ್ ಮಾಡಿದ್ದಕ್ಕೆ ಇದು ನೇರ ವಿರುದ್ಧ.

ಸರ್ಕಾರ ಈ ಖಾಲಿ ಜಾಗ ತುಂಬಲು ಮಾಡಿದ ಮೊದಲ ದೊಡ್ಡ ಯತ್ನ 1986ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು. ಎಲ್ಲರೂ ಅದನ್ನು ಕೋಬ್ರಾ ಎನ್ನುತ್ತಾರೆ. 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಿಂದ ಕೆಲಸ ಹೋದರೆ, ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಮಾಲೀಕರ ಪಾಲನ್ನೂ ನಾವೇ ಕಟ್ಟಬೇಕು, ಅದರ ಮೇಲೆ ಶೇ 2ರಷ್ಟು ನಿರ್ವಹಣಾ ಶುಲ್ಕ. ಸಂಬಳ ನಿಂತ ತಿಂಗಳಲ್ಲೇ ಪ್ರೀಮಿಯಂ ಹಲವು ಪಟ್ಟಾಗುತ್ತದೆ. ತುರ್ತು ಚಿಕಿತ್ಸೆಗೆ ಬಂದವರನ್ನು ದುಡ್ಡಿಲ್ಲವೆಂದು ಆಸ್ಪತ್ರೆ ಹೊರಗಟ್ಟುವಂತಿಲ್ಲ ಎಂಬ ನಿಯಮವೂ ಅದೇ ಕಾನೂನಿನಲ್ಲಿ ಬಂತು. ಪರೀಕ್ಷಿಸಬೇಕು, ಅಪಾಯದಿಂದ ಪಾರು ಮಾಡಬೇಕು. ಬಿಲ್ಲು ಮಾತ್ರ ಆಮೇಲೆ ಬಂದೇ ಬರುತ್ತದೆ. ಅದನ್ನು ಕಳಿಸುವ ಮೇಜಿನ ಈಚೆ ಕೂತವಳು ನಾನು.

ಎರಡನೆಯ ಯತ್ನ 1996ರದು. ಅಧ್ಯಕ್ಷ ಕ್ಲಿಂಟನ್ ಸಹಿ ಮಾಡಿದ ಹಿಪಾ ಕಾನೂನನ್ನು ಜನ ರೋಗಿಯ ಮಾಹಿತಿಯ ಗೋಪ್ಯತೆಗಾಗಿ ನೆನೆಯುತ್ತಾರೆ. ಅದರ ಮೊದಲ ಉದ್ದೇಶ ಕೆಲಸ ಬದಲಿಸುವವರಿಗೆ ವಿಮೆ ತಪ್ಪದ ಹಾಗೆ ನೋಡಿಕೊಳ್ಳುವುದಾಗಿತ್ತು. ಹಿಂದಿನ ವಿಮೆಗೂ ಹೊಸ ವಿಮೆಗೂ ನಡುವೆ 63 ದಿನಕ್ಕಿಂತ ಕಡಿಮೆ ಅಂತರವಿದ್ದರೆ, ಹಿಂದಿನ ವಿಮೆಯಲ್ಲಿ ಕಳೆದ ತಿಂಗಳುಗಳು ಲೆಕ್ಕಕ್ಕೆ ಬರುತ್ತಿದ್ದವು. ಮೊದಲೇ ಇದ್ದ ಕಾಯಿಲೆಗೆ ಹೊಸ ಕಂಪನಿ ಹೇರಬಹುದಾದ ಕಾಯುವ ಅವಧಿ ಅಷ್ಟರಮಟ್ಟಿಗೆ ತಗ್ಗುತ್ತಿತ್ತು. ಅದೇ ಕಾನೂನು ವೈಯಕ್ತಿಕ ಆರೋಗ್ಯ ವಿಮೆಯ ವ್ಯಾಖ್ಯೆಯಿಂದ ಅಲ್ಪಾವಧಿಯ ವಿಮೆಯನ್ನು ಹೊರಗಿಟ್ಟಿತು. ಅಲ್ಪಾವಧಿ ಎಂದರೆ 12 ತಿಂಗಳಿಗಿಂತ ಕಡಿಮೆ ಎಂದು ಮರುವರ್ಷದ ನಿಯಮಗಳು ಹೇಳಿದವು. ನಾಲ್ಕು ದಿನದ ವಿಮೆಗೆ ಕಾನೂನಿನ ಅಷ್ಟೆಲ್ಲ ಷರತ್ತು ಏಕೆ ಎಂಬ ಆಲೋಚನೆ ಆ ಹೊತ್ತಿಗೆ ತಪ್ಪಾಗಿ ಕಂಡಿರಲಾರದು. ಮುಂದಿನ ಜಗಳವೆಲ್ಲ ಹುಟ್ಟಿದ್ದು ಈ ಒಂದು ವಿನಾಯಿತಿಯಿಂದ.

2010ರಲ್ಲಿ ಒಬಾಮಾ ಕಾಲದ ಅಫೋರ್ಡಬಲ್ ಕೇರ್ ಆ್ಯಕ್ಟ್ ಬಂತು. 2014ರ ಜನವರಿಯಿಂದ ಮೊದಲೇ ಕಾಯಿಲೆ ಇದೆ ಎಂಬ ಕಾರಣಕ್ಕೆ ಯಾರಿಗೂ ವೈಯಕ್ತಿಕ ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ. ಹೆರಿಗೆ, ಔಷಧಿ, ಮಾನಸಿಕ ಚಿಕಿತ್ಸೆ ಎಲ್ಲವೂ ಒಳಗಿರಬೇಕು. ಆದರೆ ಅಲ್ಪಾವಧಿಯ ವಿಮೆ ವೈಯಕ್ತಿಕ ವಿಮೆಯೇ ಅಲ್ಲ ಎಂದು 1996ರ ಕಾನೂನು ಹೇಳಿಯಾಗಿತ್ತು. ಹಾಗಾಗಿ ಈ ಯಾವ ನಿಯಮವೂ ಅದಕ್ಕೆ ತಾಗಲಿಲ್ಲ. ಹೊಸ ಕಾನೂನಿನ ಪಾಲಿಸಿಗಳು ದುಬಾರಿಯಾಗಿ ಕಂಡವರ ಕಡೆ ಏಜೆಂಟರು ಹಳೆಯ ಅಲ್ಪಾವಧಿ ಪಾಲಿಸಿಗಳನ್ನು ಹಿಡಿದು ಬಂದರು.

ಆಮೇಲೆ ಒಂದೊಂದು ಸರ್ಕಾರ ಒಂದೊಂದು ಕಡೆಗೆ ಎಳೆಯಿತು. 2016ರಲ್ಲಿ ಒಬಾಮಾ ಆಡಳಿತ ಇಂಥ ಪಾಲಿಸಿಯ ಅವಧಿಯನ್ನು ಮೂರು ತಿಂಗಳಿಗಿಂತ ಕಡಿಮೆ ಮಾಡಿತು. 2018ರಲ್ಲಿ ಟ್ರಂಪ್ ಆಡಳಿತ ಅದನ್ನು 364 ದಿನಕ್ಕೆ ಏರಿಸಿ, ನವೀಕರಣ ಸೇರಿ 36 ತಿಂಗಳವರೆಗೆ ಅವಕಾಶ ಕೊಟ್ಟಿತು. ಇದನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯಕ್ಕೆ ಹೋದರು. 2020ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. 2024ರಲ್ಲಿ ಬೈಡನ್ ಆಡಳಿತ ಮತ್ತೆ ಕೆಳಗಿಳಿಸಿ, ಸೆಪ್ಟೆಂಬರ್ 1ರ ನಂತರದ ಪಾಲಿಸಿಗಳಿಗೆ ಮೂರು ತಿಂಗಳು, ವಿಸ್ತರಣೆ ಸೇರಿ ನಾಲ್ಕೇ ತಿಂಗಳು ಎಂದಿತು. 2025ರ ಆಗಸ್ಟಿನಲ್ಲಿ ಮರಳಿ ಬಂದ ಟ್ರಂಪ್ ಆಡಳಿತ ಈ ಮಿತಿಯ ಜಾರಿಗೆ ಆದ್ಯತೆ ಕೊಡುವುದಿಲ್ಲ, ನಿಯಮವನ್ನೇ ಬದಲಿಸುತ್ತೇವೆ ಎಂದು ಪ್ರಕಟಿಸಿತು. ಕ್ಯಾಲಿಫೋರ್ನಿಯಾ 2019ರಿಂದ ಇಂಥ ಪಾಲಿಸಿಗಳನ್ನೇ ನಿಷೇಧಿಸಿದೆ. ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲೂ ಇವು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಅಣ್ಣನಿಗೆ ಸಿಗದ ವಿಮೆ ಫ್ರಿಸ್ಕೋದಲ್ಲಿರುವ ತಮ್ಮನಿಗೆ ಫೋನಿನಲ್ಲೇ ಸಿಗುವುದು ಇದರಿಂದ.

ನಮ್ಮ ಟೆಕ್ಸಸ್ ಇದಕ್ಕೆ ಬಾಗಿಲು ತೆರೆದಿಟ್ಟ ರಾಜ್ಯ. ಆರೋಗ್ಯ ವಿಮೆಯ ಬೇರು ಇರುವ ಇದೇ ರಾಜ್ಯದಲ್ಲಿ ವಿಮೆ ಇಲ್ಲದವರ ಪ್ರಮಾಣ ಇಡೀ ದೇಶದಲ್ಲೇ ಹೆಚ್ಚು. 2010ರ ಕಾನೂನು ಮೆಡಿಕೇಡ್ ವಿಸ್ತರಿಸಲು ರಾಜ್ಯಗಳಿಗೆ ಹಣ ಕೊಟ್ಟಿತು. ಟೆಕ್ಸಸ್ ಒಪ್ಪಲಿಲ್ಲ. ಹೀಗಾಗಿ ಅಗ್ಗದ ಪಾಲಿಸಿಯ ಜಾಹೀರಾತಿಗೆ ಇಲ್ಲಿ ಗಿರಾಕಿಗಳಿಗೆ ಬರವಿಲ್ಲ.

ಈ ಚರಿತ್ರೆ ಆಸ್ಪತ್ರೆಯ ಬಿಲ್ಲಿನ ಮೇಲೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ದಾವಣಗೆರೆ ಕಡೆಯ ಹುಡುಗ, ಮೂವತ್ತರ ಆಸುಪಾಸು. ಕೆಲಸ ಹೋಗಿ ಹೊಸದು ಸಿಗುವ ತನಕ ಎಂದು ಮೂರು ತಿಂಗಳ ಪಾಲಿಸಿ ಕೊಂಡಿದ್ದ. ಒಂದು ರಾತ್ರಿ ಬಲಪಕ್ಕೆಯ ಕೆಳಗೆ ತಡೆಯಲಾರದ ನೋವು, ವಾಂತಿ. ಎಮರ್ಜೆನ್ಸಿಗೆ ಹೋದ. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಯಿತು. ಒಳಗೆ ಹೋಗುವಾಗ ನರ್ಸ್ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದ್ದರು: ಹಿಂದೆ ಹೀಗೆ ಆಗಿತ್ತೇ? ಅವನು ಇದ್ದದ್ದು ಇದ್ದ ಹಾಗೆ ಹೇಳಿದ: ಊರಿಗೆ ಹೋಗಿದ್ದಾಗ ಮದುವೆ ಊಟ ಆದಮೇಲೆ ಒಂದೆರಡು ಸಲ ಹೀಗೇ ನೋವು ಬಂದಿತ್ತು, ಗ್ಯಾಸ್ ಅಂದುಕೊಂಡು ಸುಮ್ಮನಾದೆ. ನರ್ಸ್ ಅದನ್ನು ಬರೆದುಕೊಂಡರು.

ಕ್ಲೇಮ್ ಹೋದ ಮೇಲೆ ಕಂಪನಿ ದುಡ್ಡು ಕಳಿಸಲಿಲ್ಲ, ಹಳೆಯ ದಾಖಲೆಗಳನ್ನೆಲ್ಲ ಕೇಳಿತು. ಕೆಲವು ವಾರಗಳ ನಂತರ ಕಾಗದ ಬಂತು. ಇದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, ಹಣ ಕೊಡಲಾಗುವುದಿಲ್ಲ. "ಅಕ್ಕಾ, ನಾನು ಇದಕ್ಕೆ ಯಾವ ಡಾಕ್ಟ್ರನ್ನೂ ನೋಡೇ ಇಲ್ಲ, ಅದು ಹೇಗೆ ಕಾಯಿಲೆ ಆಗತ್ತೆ?" ಎಂದು ಪಾಲಿಸಿ ಹಿಡಿದು ಬಂದ. ಇಬ್ಬರೂ ಕೂತು ಓದಿದೆವು. ವ್ಯಾಖ್ಯೆಗಳ ಪುಟದಲ್ಲಿ ಇತ್ತು: ವೈದ್ಯರನ್ನು ಕಂಡಿರಲಿ ಬಿಡಲಿ, ಸಾಮಾನ್ಯ ತಿಳಿವಳಿಕೆ ಇರುವ ಮನುಷ್ಯ ವೈದ್ಯರ ಬಳಿ ಹೋಗುತ್ತಿದ್ದ ಲಕ್ಷಣಗಳು ಹಿಂದೆ ಕಂಡಿದ್ದರೆ ಸಾಕು, ಅದು ಮೊದಲೇ ಇದ್ದ ಕಾಯಿಲೆ. ಇಂಥ ಮಾತು ಬಹಳ ಅಲ್ಪಾವಧಿ ಪಾಲಿಸಿಗಳಲ್ಲಿ ಇರುತ್ತದೆ. ಅರ್ಜಿ ಹಾಕುವಾಗ ಹತ್ತು ಪ್ರಶ್ನೆ ಕೇಳಿ ಬಿಡುವ ಕಂಪನಿ, ನಿಜವಾದ ತಪಾಸಣೆ ಶುರುಮಾಡುವುದು ಕ್ಲೇಮ್ ಬಂದ ಮೇಲೆ. ಅವನು ಮೇಲ್ಮನವಿ ಹಾಕಿದ, ಫಲ ಸಿಗಲಿಲ್ಲ. ಲಾಭದ ಉದ್ದೇಶವಿಲ್ಲದ ಆಸ್ಪತ್ರೆಗಳು ಆರ್ಥಿಕ ನೆರವಿನ ನೀತಿ ಇಟ್ಟುಕೊಳ್ಳಲೇಬೇಕು ಎಂದು ಕಾನೂನಿದೆ. ಆ ಅರ್ಜಿ ತುಂಬಿಸಿದೆ. ಬಿಲ್ಲು ಇಳಿಯಿತು, ಉಳಿದದ್ದನ್ನು ಕಂತಿನಲ್ಲಿ ಕಟ್ಟುತ್ತ ಬಂದ. ಆ ಹುಡುಗ ಸುಳ್ಳು ಹೇಳಿರಲಿಲ್ಲ, ಏನನ್ನೂ ಮುಚ್ಚಿಟ್ಟಿರಲಿಲ್ಲ. ಆದರೂ ಅವನಿಗೆ ಆದ ಅನ್ಯಾಯ ಕಾನೂನಿನ ಒಳಗೇ ಇತ್ತು. ನನಗೆ ಇಂದಿಗೂ ಅದರ ಬಗ್ಗೆ ಸಿಟ್ಟಿದೆ.

ಈ ವಿಮೆ ಕೈಹಿಡಿದದ್ದನ್ನೂ ನೋಡಿದ್ದೇನೆ. ಶಿವಮೊಗ್ಗದ ಹುಡುಗಿಯೊಬ್ಬಳು ಇಲ್ಲಿ ಎಂ.ಎಸ್. ಮುಗಿಸಿದಳು. ವಿಶ್ವವಿದ್ಯಾಲಯದ ವಿಮೆ ಬೇಸಿಗೆಯ ಕೊನೆಗೆ ಮುಗಿಯಿತು. ಆಫರ್ ಲೆಟರ್ ಕೈಯಲ್ಲಿತ್ತು, ಕಂಪನಿಯ ವಿಮೆ ಯಾವ ತಾರೀಕಿನಿಂದ ಎಂದು ಅದರಲ್ಲೇ ಬರೆದಿತ್ತು. ಅವಳಿಗೆ ದಿನದ ಮಾತ್ರೆ ಇಲ್ಲ, ಅಸ್ತಮಾ ಇಲ್ಲ, ಆಸ್ಪತ್ರೆ ಕಂಡವಳೇ ಅಲ್ಲ. ಎರಡು ತಿಂಗಳಿಗೆ ಅಲ್ಪಾವಧಿ ಪಾಲಿಸಿ ಕೊಂಡಳು. ಆ ಅವಧಿಯಲ್ಲೇ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿಯಿತು. ಮೊದಲು ಕೈಯಿಂದ ಕಟ್ಟಬೇಕಾದ ಮೊತ್ತವನ್ನು, ಅಂದರೆ ಡಿಡಕ್ಟಿಬಲ್ಲನ್ನು, ಅವಳೇ ಕಟ್ಟಿದಳು, ಮಿಕ್ಕ ಬಹುಪಾಲನ್ನು ಕಂಪನಿ ಕಟ್ಟಿತು. ಬಿದ್ದು ಮುರಿದ ಮೂಳೆಗೆ ಪೂರ್ವಚರಿತ್ರೆ ಹುಡುಕುವುದು ಯಾರಿಂದಲೂ ಆಗದು. ಅವಳ ಖಾಲಿ ಜಾಗಕ್ಕೆ ಎರಡೂ ಕಡೆ ತಾರೀಕು ಇತ್ತು, ಅವಳ ದೇಹಕ್ಕೆ ಹಳೆಯ ಕಡತ ಇರಲಿಲ್ಲ. ಈ ವಿಮೆ ಹುಟ್ಟಿದ್ದೇ ಅಂಥವರಿಗಾಗಿ.

ನಮ್ಮವರಲ್ಲಿ ಬಹಳ ಮಂದಿಯ ಸ್ಥಿತಿ ಹಾಗಿರುವುದಿಲ್ಲ. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಸಾಮಾನ್ಯವಾಗಿ 60 ದಿನ. ಅದು ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಅಂದರೆ ಖಾಲಿ ಜಾಗದ ಆಚೆ ದಡ ಕಾಣುವುದಿಲ್ಲ. ಹೆಂಡತಿ ಬಸುರಿಯಾಗಿರಬಹುದು, ಮಗುವಿಗೆ ಇನ್‌ಹೇಲರ್ ಬೇಕಿರಬಹುದು. ಗಾಬರಿಯಲ್ಲಿ ಅವರು ಇಂಟರ್ನೆಟ್ಟಿನಲ್ಲಿ ಮೊದಲು ಕಂಡ ಅಗ್ಗದ ಪಾಲಿಸಿ ಕೊಳ್ಳುತ್ತಾರೆ. ನಾನು ಅವರಿಗೆ ಹೇಳುವುದು ಕಾನೂನು ಕೊಟ್ಟ ಎರಡು ದಾರಿಗಳನ್ನು.

ಒಂದು, ಕೋಬ್ರಾ. ಬೇಕೋ ಬೇಡವೋ ಎಂದು ನಿರ್ಧರಿಸಲು ಕನಿಷ್ಠ 60 ದಿನ ಸಿಗುತ್ತದೆ, ಒಪ್ಪಿದ ಮೇಲೆ ಮೊದಲ ಕಂತು ಕಟ್ಟಲು 45 ದಿನ. ಒಪ್ಪಿಕೊಂಡರೆ ಅದು ವಿಮೆ ನಿಂತ ದಿನದಿಂದಲೇ ಜಾರಿಯಾಗುತ್ತದೆ. ಆ 60 ದಿನದೊಳಗೆ ಏನೂ ಆಗದೆ ಹೊಸ ಕೆಲಸ ಸಿಕ್ಕರೆ ಒಂದು ಡಾಲರೂ ಕಟ್ಟದೆ ದಾಟಬಹುದು. ಏನಾದರೂ ಆದರೆ ಹಿಂದಿನ ತಿಂಗಳುಗಳ ಪ್ರೀಮಿಯಂ ಸೇರಿಸಿ ಕಟ್ಟಿ ರಕ್ಷಣೆ ಪಡೆಯಬಹುದು. ಅದಕ್ಕಾಗಿ ಅಷ್ಟು ಹಣ ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿರಬೇಕು, ಆ ಕೊನೆಯ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಬೇಕು. ಕಂಪನಿಯಿಂದ ಬಂದ ಕೋಬ್ರಾ ಕಾಗದವನ್ನು ದುಬಾರಿ ಎಂದು ಕಸಕ್ಕೆ ಹಾಕಿದವರನ್ನು ಕಂಡಿದ್ದೇನೆ. ಅದನ್ನು ಪಾಸ್‌ಪೋರ್ಟಿನ ಜೊತೆ ಎತ್ತಿಡಿ.

ಎರಡು, 2010ರ ಕಾನೂನಿನಡಿ ಸಿಗುವ ಮಾರ್ಕೆಟ್‌ಪ್ಲೇಸ್ ವಿಮೆ. ಕೆಲಸದ ವಿಮೆ ತಪ್ಪಿದ 60 ದಿನದೊಳಗೆ ಸೇರಬಹುದು. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾದವರೂ ಅರ್ಹರು. ಯಾವ ಕಾಯಿಲೆ ಇದ್ದರೂ ನಿರಾಕರಿಸುವಂತಿಲ್ಲ. ಆದಾಯ ನೋಡಿ ಸಹಾಯಧನವೂ ಇದೆ. ಆದರೆ 2025ರಲ್ಲಿ ಆದ ಕಾನೂನಿನಂತೆ 2027ರಿಂದ ಎಚ್-1ಬಿಯಂಥ ವೀಸಾದವರಿಗೆ ಆ ಸಹಾಯಧನ ಸಿಗುವುದಿಲ್ಲ. ಅಗ್ಗದ ಅಲ್ಪಾವಧಿ ಪಾಲಿಸಿಯ ಆಕರ್ಷಣೆ ನಮ್ಮವರಿಗೆ ಆಗ ಇನ್ನೂ ಹೆಚ್ಚುತ್ತದೆ, ಈಗಲೇ ಎಚ್ಚರ ಬೇಕು.

ಇಲ್ಲೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಅಲ್ಪಾವಧಿಯ ಪಾಲಿಸಿ ಮುಗಿದರೆ ಅದನ್ನು ವಿಮೆ ಕಳೆದುಕೊಂಡದ್ದೆಂದು ಕಾನೂನು ಪರಿಗಣಿಸುವುದಿಲ್ಲ. ಮೇ ತಿಂಗಳಲ್ಲಿ ಕೆಲಸ ಹೋಯಿತು, ಮೂರು ತಿಂಗಳ ಪಾಲಿಸಿ ಕೊಂಡಿರಿ, ಆಗಸ್ಟಿನಲ್ಲಿ ಅದು ಮುಗಿಯಿತು ಎನ್ನಿ. ಅಷ್ಟರಲ್ಲಿ ಮಾರ್ಕೆಟ್‌ಪ್ಲೇಸಿನ 60 ದಿನವೂ ಕೋಬ್ರಾದ 60 ದಿನವೂ ದಾಟಿಹೋಗಿರುತ್ತವೆ. ನವೆಂಬರ್ 1ಕ್ಕೆ ಮಾರ್ಕೆಟ್‌ಪ್ಲೇಸಿನ ನೋಂದಣಿ ತೆರೆದರೂ ರಕ್ಷಣೆ ಸಿಗುವುದು ಜನವರಿಯಿಂದ. ನಡುವಿನ ತಿಂಗಳುಗಳಲ್ಲಿ ಕಾಯಿಲೆ ಬಂದರೆ ಹೇಳುವವರು ಕೇಳುವವರು ಯಾರೂ ಇಲ್ಲ. ಎರಡು ಮೂರು ತಿಂಗಳ ಖಾಲಿ ಜಾಗ ದಾಟಲು ಹೋಗಿ ಅದಕ್ಕಿಂತ ದೊಡ್ಡದರಲ್ಲಿ ಬಿದ್ದವರು ಇದ್ದಾರೆ.

ಊರಿಂದ ಬರುವ ತಂದೆತಾಯಿಯ ಮಾತು ಬೇರೆ. ವಿಸಿಟರ್ ವೀಸಾದವರಿಗೆ ಮಾರ್ಕೆಟ್‌ಪ್ಲೇಸ್ ಇಲ್ಲ, ಮಗನ ಕಂಪನಿಯ ವಿಮೆಗೆ ಅವರನ್ನು ಸೇರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅವರಿಗೆ ಇರುವುದು ತಾತ್ಕಾಲಿಕ ವಿಸಿಟರ್ ವಿಮೆಯೇ. ಅದರಲ್ಲೂ ಎರಡು ಬಗೆ. ಒಂದರಲ್ಲಿ ಒಂದೊಂದು ಚಿಕಿತ್ಸೆಗೂ ಇಷ್ಟೇ ಎಂದು ಮೊತ್ತ ನಿಗದಿ, ಬಿಲ್ಲು ಎಷ್ಟೇ ಬರಲಿ. ಇನ್ನೊಂದರಲ್ಲಿ ಡಿಡಕ್ಟಿಬಲ್ ಕಳೆದು ಒಟ್ಟು ಮಿತಿಯವರೆಗೆ ಬಿಲ್ಲಿನ ದೊಡ್ಡ ಪಾಲು ಸಿಗುತ್ತದೆ. ಮೊದಲನೆಯದು ಅಗ್ಗ, ಅದಕ್ಕೇ ಹೆಚ್ಚು ಜನ ಕೊಳ್ಳುತ್ತಾರೆ. ಇಲ್ಲಿನ ಆಸ್ಪತ್ರೆಯ ಬಿಲ್ಲಿನ ಮುಂದೆ ಆ ನಿಗದಿತ ಮೊತ್ತ ಯಾವ ಮೂಲೆಗೂ ಸಾಲದು. ಬಿಪಿ, ಶುಗರ್ ಇರುವ ಅಪ್ಪ ಅಮ್ಮನಿಗೆ ಎರಡನೆಯ ಬಗೆಯನ್ನೇ ಕೊಳ್ಳಿ. ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಎಷ್ಟು ಮೊತ್ತದವರೆಗೆ, ಯಾವ ವಯಸ್ಸಿನವರೆಗೆ ಕೊಡುತ್ತಾರೆ ಎಂಬ ಸಾಲನ್ನು ಓದಿದ ಮೇಲೆ ದುಡ್ಡು ಕಟ್ಟಿ. ಊರಿಂದ ಹೊರಡುವಾಗ ಮಾತ್ರೆಗಳನ್ನು, ಡಾಕ್ಟರ ಚೀಟಿಯನ್ನು ಇರುವಷ್ಟು ದಿನಕ್ಕೂ ತರಿಸಿಕೊಳ್ಳಿ. ಮಾಮೂಲು ತಪಾಸಣೆಗೆ ಈ ವಿಮೆ ದುಡ್ಡು ಕೊಡುವುದಿಲ್ಲ.

ಕಿಂಬಲ್ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಆರು ಡಾಲರಿಗೆ ಕೊಟ್ಟದ್ದು ಸಣ್ಣ ರಕ್ಷಣೆ, 21 ದಿನದ್ದು. ಆದರೂ ಜನ ಅದನ್ನು ನಂಬಬಹುದಾಗಿತ್ತು, ಏಕೆಂದರೆ ಅದು ಯಾರನ್ನೂ ಆರಿಸಿ ಹೊರಗಿಡಲಿಲ್ಲ. ಈಗಿನ ಅಲ್ಪಾವಧಿ ವಿಮೆ ಅಗ್ಗವಾಗಿರುವುದೇ ಆರಿಸಿ ಹೊರಗಿಡುವುದರಿಂದ. ಆದ್ದರಿಂದ ಕೊಳ್ಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನನ್ನ ಮುಂದಿನ ವಿಮೆ ಶುರುವಾಗುವ ತಾರೀಕು ಕಾಗದದಲ್ಲಿ ಇದೆಯೇ? ಕಳೆದ ಐದು ವರ್ಷದಲ್ಲಿ ನನಗಾಗಲಿ ಮನೆಯವರಿಗಾಗಲಿ ಕಾಯಿಲೆ, ಮಾತ್ರೆ, ಸುಮ್ಮನೆ ಸಹಿಸಿಕೊಂಡ ನೋವು ಏನಾದರೂ ಇತ್ತೇ? ಮನೆಯಲ್ಲಿ ಹೆರಿಗೆಯ ನಿರೀಕ್ಷೆ ಇದೆಯೇ? ಇದು ಮುಗಿಯುವ ಹೊತ್ತಿಗೆ ಕೋಬ್ರಾ ಮತ್ತು ಮಾರ್ಕೆಟ್‌ಪ್ಲೇಸಿನ ಗಡುವು ದಾಟಿರುತ್ತದೆಯೇ? ಮೊದಲನೆಯದಕ್ಕೆ ಹೌದು, ಉಳಿದ ಮೂರಕ್ಕೂ ಇಲ್ಲ ಎಂದಾದರೆ ಧೈರ್ಯವಾಗಿ ಕೊಳ್ಳಿ, ಅದು ನಿಮಗಾಗಿಯೇ ಇದೆ. ಒಂದರಲ್ಲಿ ಅನುಮಾನ ಬಂದರೂ ದುಬಾರಿಯಾದರೂ ಸರಿ, ಕಾಯಿಲೆ ಕೇಳದ ವಿಮೆಗೇ ಹೋಗಿ. ಕೆಲಸ ಹೋದ ದಿನ ಮನಸ್ಸು ಸ್ಥಿಮಿತದಲ್ಲಿ ಇರುವುದಿಲ್ಲ. ಆದ್ದರಿಂದ ಕೆಲಸ ಇರುವಾಗಲೇ ಈ ಲೆಕ್ಕವನ್ನು ಗಂಡ ಹೆಂಡತಿ ಕೂತು ಮಾಡಿಟ್ಟುಕೊಳ್ಳಿ, ಗೊತ್ತಿಲ್ಲದ ನೆರೆಯವರಿಗೂ ತಿಳಿಸಿಕೊಡಿ.